ಒಂದು ನಿಮಿಷ ಕಾಯದ ಮೆಗ್ಗರ್ ಟೆಸ್ಟ್, ಟೆಸ್ಟೇ ಅಲ್ಲ

1/8

ಫ್ರೆಂಡ್ಸ್, ಹೋದ ಸೀರೀಸಲ್ಲಿ ಜಿಎಸ್‌ಟಿ ಬಿಲ್ ಬಗ್ಗೆ ಬರೆದಾಗ "ನಿನ್ನ ಮಾವನ ಅಂಗಡಿಯಲ್ಲಿ ಎಂತ ಮಾಡ್ತಾರೆ?" ಅಂತ ಸುಮಾರು ಜನ ಕೇಳಿದ್ರಿ. ಮೊದಲ ಫೋಟೊದಲ್ಲಿ ಉತ್ತರ ಇದೆ. ಬ್ರಹ್ಮಾವರದಲ್ಲಿ ಮಾವನದ್ದು ಮೋಟಾರ್ ವೈಂಡಿಂಗ್ ಅಂಗಡಿ. ಶನಿವಾರ ಕುಂದಾಪುರದಲ್ಲಿ ಕಾಲೇಜ್ ಮುಗಿಸಿ ಬಸ್ ಹತ್ತಿ ಅಲ್ಲಿಗೆ ಹೋಗ್ತೇನೆ, ಲೆಕ್ಕ ಬರೀತೇನೆ, ರಾತ್ರಿ ಬೈಂದೂರು ಬಸ್ಸಲ್ಲಿ ಮನೆಗೆ.

ಟೇಬಲ್ ಮೇಲೆ ಹ್ಯಾಂಡಲ್ ಇರುವ ಹಳೇ ಡಬ್ಬಿ ಕಾಣ್ತದಲ್ಲ, ಅದು ಮೆಗ್ಗರ್. ವೈರಿನ ಮೇಲಿನ ಹೊದಿಕೆ, ಅಂದ್ರೆ ಇನ್ಸುಲೇಶನ್, ಗಟ್ಟಿ ಉಂಟಾ ಇಲ್ವಾ ಅಂತ ನೋಡುವ ಮೀಟರ್. ಇಂಗ್ಲೆಂಡಿನ ಎವರ್‌ಶೆಡ್ ಕಂಪನಿ 1903ರಲ್ಲಿ ಆ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಿತ್ತು. ಈಗ ನಮ್ಮೂರಲ್ಲಿ ಯಾವ ಕಂಪನಿದ್ದಾದ್ರೂ ಮೆಗ್ಗರೇ, ಜೆರಾಕ್ಸ್ ತರ.

ನಾನು ಬಿಕಾಂ. ಫಿಸಿಕ್ಸ್ ಬಿಟ್ಟದ್ದು ಎಸ್ಸೆಸ್ಸೆಲ್ಸಿಯಲ್ಲಿ. ಆದರೂ ಈ ವಿಷಯದಲ್ಲಿ ನನಗೊಂದು ಗಟ್ಟಿ ಅಭಿಪ್ರಾಯ ಉಂಟು. ನಮ್ಮ ಮನೆಗಳಲ್ಲಿ ಮೆಗ್ಗರ್ ಟೆಸ್ಟ್ ಅಂತ ನಡೆಯುವುದರಲ್ಲಿ ಸುಮಾರು ಟೆಸ್ಟೇ ಅಲ್ಲ. ಬಟನ್ ಒತ್ತುವುದು, ನಾಲ್ಕು ಸೆಕೆಂಡ್ ನೋಡುವುದು, "ಓಕೆ" ಅನ್ನುವುದು. ಮಳೆಗಾಲಕ್ಕೆ ಮೊದಲು ಪ್ರತಿ ಮನೆಯವರೂ ಒಂದು ಪೂರ್ತಿ ನಿಮಿಷದ ರೀಡಿಂಗ್ ಕೇಳಬೇಕು, ಅದನ್ನು ಬರೆಸಿ ಇಟ್ಟುಕೊಳ್ಳಬೇಕು. ಯಾಕೆ ಅಂತ ಎಂಟು ಕ್ಯಾಪ್ಶನಲ್ಲಿ ಹೇಳ್ತೇನೆ. ಸೇವ್ ಮಾಡಿ ಇಟ್ಕೊಳ್ಳಿ, ಮೇ ತಿಂಗಳಲ್ಲಿ ಬೇಕಾಗ್ತದೆ.

2/8

ಮೊದಲು ನಮ್ಮ ಮನೆ ಕಥೆ.

ಕಳೆದ ಜೂನಲ್ಲಿ ನಮ್ಮಲ್ಲಿ ರಾತ್ರಿ ಜೋರು ಮಳೆ ಬಂದ ಕೂಡಲೇ ಆರ್‌ಸಿಸಿಬಿ ಬೀಳ್ತಿತ್ತು. ಆರ್‌ಸಿಸಿಬಿ ಅಂದ್ರೆ ಮೈನ್ ಬೋರ್ಡಲ್ಲಿ "ಟೆಸ್ಟ್" ಅಂತ ಸಣ್ಣ ಬಟನ್ ಇರುವ ಸ್ವಿಚ್. ಹೋದ ಕರೆಂಟಿಗೂ ವಾಪಸ್ ಬಂದ ಕರೆಂಟಿಗೂ 30 ಮಿಲಿಆಂಪ್ ವ್ಯತ್ಯಾಸ ಬರುವುದರೊಳಗೆ ಲೈನ್ ಕಟ್ ಮಾಡ್ತದೆ. ಬೆಳಿಗ್ಗೆ ಬಿಸಿಲು ಬಂದ ಮೇಲೆ ಎತ್ತಿದರೆ ನಿಲ್ತಿತ್ತು, ರಾತ್ರಿ ಪುನಃ ಅದೇ ಕಥೆ. ಅಪ್ಪಯ್ಯನಿಗೆ ಸಾಕಾಗಿ ಹೋಯ್ತು.

ಒಬ್ಬರು ಎಲೆಕ್ಟ್ರಿಷಿಯನ್ ಬಂದರು. ಮಧ್ಯಾಹ್ನ, ಒಳ್ಳೆ ಬಿಸಿಲು. ಮೆಗ್ಗರ್ ಇಟ್ಟರು, ಒತ್ತಿದರು, 2 ಚಿಲ್ಲರೆ ಮೆಗಾಓಮ್ ತೋರಿಸಿತು, ಬಿಟ್ಟರು. "ಒಂದಕ್ಕಿಂತ ಜಾಸ್ತಿ ಉಂಟು. ವೈರಿಂಗ್ ಸರಿ ಇದೆ, ಆರ್‌ಸಿಸಿಬಿನೇ ಹಾಳು" ಅಂದರು. ಅದನ್ನು ತಪ್ಪಿಸಿ ಡೈರೆಕ್ಟ್ ಮಾಡಿ ಹೋದರು. ಆವತ್ತಿಂದ ಕರೆಂಟ್ ಹೋಗಲಿಲ್ಲ. ಮನೆಯವರಿಗೆಲ್ಲ ಖುಷಿ. ನನಗೂ.

ಹನ್ನೊಂದನೇ ದಿನ ಬೆಳಿಗ್ಗೆ ಅಮ್ಮ ಬಾವಿ ಕಟ್ಟೆ ಹತ್ತಿರ ಪಂಪಿನ ಪೈಪ್ ಹಿಡಿದಾಗ ಕೈ ಜುಮ್ ಅಂತು. ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು. ಕೈ ಬಿಟ್ಟು ಹಿಂದೆ ಬಿದ್ದರು, ಮೊಣಕೈ ತರಚಿತು, ಅಷ್ಟೇ. ಆದರೆ "ಅಷ್ಟೇ" ಅಂತ ಬರೆಯುವಾಗ ನನಗೆ ಈಗಲೂ ಕೈ ತಣ್ಣಗಾಗ್ತದೆ. ಬರಿಗಾಲಲ್ಲಿ ಇದ್ದಿದ್ರೆ?

ಅವತ್ತೇ ಸಂಜೆ ಮಾವ ಬಂದರು. ಮೈನ್ ಆಫ್ ಮಾಡಿ, ಎಲ್ಲ ಪ್ಲಗ್ ತೆಗೆದು, ಒಂದೊಂದೇ ಸರ್ಕ್ಯೂಟಿಗೆ ಮೆಗ್ಗರ್ ಹಾಕಿದರು. ಗಡಿಯಾರ ನೋಡುವ ಕೆಲಸ ನನ್ನದು.

3/8

ಒಳಗಿನ ರೂಮುಗಳ ಲೈನಲ್ಲಿ ನಂಬರ್ ಶುರುವಿಗೆ ಕಮ್ಮಿ ತೋರಿಸಿ ಸರ್ರ ಅಂತ ಮೇಲೆ ಹೋಯ್ತು, ನೂರು ದಾಟಿತು. ಬಾವಿ ಪಂಪಿನ ಲೈನಲ್ಲಿ ಶುರುವಿಗೆ 2.1. ನಾನು "ಒಂದರ ಮೇಲಿದೆ, ಓಕೆ ಅಲ್ವಾ ಮಾವ?" ಅಂದೆ.

"ಬಟನ್ ಬಿಡ್ಬೇಡ ಮಗಾ. ಅದ್ ಈಗ್ಳೇ ಹೇಳುಕಾತಿಲ್ಲೆ. ಒಂದ್ ನಿಮಿಷ ಕಾಣ್ಕ್."

ಇಪ್ಪತ್ತು ಸೆಕೆಂಡಿಗೆ 1.6. ನಲವತ್ತಕ್ಕೆ 1.0. ಅರವತ್ತಕ್ಕೆ 0.7. ಮೇಲೆ ಹೋಗಬೇಕಾದದ್ದು ಕೆಳಗೆ ಇಳೀತಾ ಇತ್ತು. ಬಾವಿ ಪಕ್ಕದ ಜಂಕ್ಷನ್ ಬಾಕ್ಸ್ ಬಿಚ್ಚಿದರೆ ಒಳಗೆ ನೀರು, ಇರುವೆ ಗೂಡು, ಮತ್ತೆ ಟೇಪ್ ಸುತ್ತಿದ ಒಂದು ಜಾಯಿಂಟ್. ಎರಡನೇ ಫೋಟೊ ಅದೇ.

ಈಗ ಲೆಕ್ಕ ಹಾಕಿ. 0.7 ಮೆಗಾಓಮಿಗೆ ಮನೆಯ 230 ವೋಲ್ಟಲ್ಲಿ ಸೋರುವುದು ಸುಮಾರು 0.33 ಮಿಲಿಆಂಪ್. ಅಷ್ಟಕ್ಕೆ ಆರ್‌ಸಿಸಿಬಿ ಬೀಳುವುದೇ ಇಲ್ಲ. 30 ಮಿಲಿಆಂಪ್ ಸೋರಬೇಕಾದರೆ ರೆಸಿಸ್ಟೆನ್ಸ್ ಸುಮಾರು 7,700 ಓಮಿಗೆ ಇಳಿಯಬೇಕು. ರಾತ್ರಿ ಮಳೆಗೆ ಬಾಕ್ಸ್ ತುಂಬಿದಾಗ ಆಗ್ತಿದ್ದದ್ದು ಅದೇ. ಹಗಲು ಒಣಗಿದಾಗ ಎಲ್ಲ ಸರಿ ಇದ್ದ ಹಾಗೆ ಕಾಣ್ತಿತ್ತು. ಆರ್‌ಸಿಸಿಬಿ ಹಾಳಾಗಿರಲೇ ಇಲ್ಲ. ನಮ್ಮ ಮನೇಲಿ ಸರಿಯಾಗಿ ಕೆಲಸ ಮಾಡ್ತಿದ್ದ ಒಂದೇ ಸಾಮಾನು ಅದು, ನಾವು ಅದನ್ನೇ ತೆಗೆಸಿದ್ದೆವು.

ಮತ್ತೆ ಈ "ಒಂದು ನಿಮಿಷ" ಮಾವನ ಸ್ವಂತ ಪದ್ಧತಿ ಅಲ್ಲ. 1956ರ ಇಂಡಿಯನ್ ಎಲೆಕ್ಟ್ರಿಸಿಟಿ ರೂಲ್ಸಲ್ಲೇ ಇತ್ತು: 500 ವೋಲ್ಟ್ ಡಿಸಿಯನ್ನು ಲೈನಿಗೂ ಅರ್ತಿಗೂ ನಡುವೆ ಒಂದು ನಿಮಿಷ ಕೊಟ್ಟಾಗ ಕಡಿಮೆ ಅಂದ್ರೂ 1 ಮೆಗಾಓಮ್ ಬರಬೇಕು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮದಲ್ಲೂ ಅದೇ ಒಂದು ನಿಮಿಷ ಇತ್ತು. ಎಲ್ಲರಿಗೂ "ಒಂದು ಮೆಗಾಓಮ್" ನೆನಪಿದೆ, "ಒಂದು ನಿಮಿಷ" ಮರೆತು ಹೋಗಿದೆ.

4/8

ನಿಮಿಷ ಕಾಯುವುದು ಎಂತಕ್ಕೆ? ಇಲ್ಲಿ ನಮ್ಮ ಬಿಕಾಂ ಕೆಲಸಕ್ಕೆ ಬರ್ತದೆ ಮಾರ್ರೆ.

ಮೆಗ್ಗರ್ ನಿಜವಾಗಿ ಅಳೆಯುವುದು ರೆಸಿಸ್ಟೆನ್ಸ್ ಅಲ್ಲ, ಕರೆಂಟ್. ವೋಲ್ಟೇಜ್ ಕೊಡ್ತದೆ, ಎಷ್ಟು ಕರೆಂಟ್ ಹೋಯ್ತು ನೋಡ್ತದೆ, ಭಾಗಿಸಿ ಮೆಗಾಓಮ್ ತೋರಿಸ್ತದೆ. ಆದರೆ ಆ ಕರೆಂಟ್ ಒಂದೇ ತರದ್ದಲ್ಲ. ಮೂರು ಖಾತೆಯ ಖರ್ಚನ್ನು ಕೂಡಿಸಿ ಒಂದೇ ಟೋಟಲ್ ಬರೆದ ಹಾಗೆ.

ಒಂದು, ಚಾರ್ಜಿಂಗ್ ಕರೆಂಟ್. ವೈರ್, ಅದರ ಹೊದಿಕೆ, ಆಚೆ ಅರ್ತ್, ಮೂರೂ ಸೇರಿದರೆ ಒಂದು ಕೆಪಾಸಿಟರ್. ಅದು ತುಂಬುವವರೆಗೆ ಜೋರಾಗಿ ಕರೆಂಟ್ ಎಳೀತದೆ, ಸ್ವಲ್ಪ ಸೆಕೆಂಡಲ್ಲಿ ನಿಲ್ತದೆ. ಇದು ಬಾಡಿಗೆ ಮನೆಯ ಅಡ್ವಾನ್ಸ್ ಇದ್ದ ಹಾಗೆ. ಶುರುವಲ್ಲಿ ದೊಡ್ಡ ಮೊತ್ತ ಹೋಗ್ತದೆ, ಆದರೆ ಅದು ನಷ್ಟ ಅಲ್ಲ.

ಎರಡು, ಅಬ್ಸಾರ್ಪ್ಶನ್ ಕರೆಂಟ್, ಅಂದ್ರೆ ಹೀರಿಕೊಳ್ಳುವ ಕರೆಂಟ್. ಇನ್ಸುಲೇಶನ್ ಒಳಗಿನ ಅಣುಗಳು ವೋಲ್ಟೇಜಿನ ದಿಕ್ಕಿಗೆ ನಿಧಾನಕ್ಕೆ ತಿರುಗಿ ನಿಲ್ಲಲಿಕ್ಕೆ ಬೇಕಾದ ಕರೆಂಟ್. ಇದು ಕಮ್ಮಿ ಆಗಲಿಕ್ಕೆ ನಿಮಿಷಗಟ್ಟಲೆ ಬೇಕು, ದೊಡ್ಡ ಯಂತ್ರದಲ್ಲಿ ಗಂಟೆಗಟ್ಟಲೆ. ಇದು ಕೈಸಾಲ. ಸ್ವಲ್ಪ ಸ್ವಲ್ಪವೇ ಹೋಗ್ತದೆ, ಸ್ವಲ್ಪ ಸ್ವಲ್ಪವೇ ವಾಪಸ್ ಬರ್ತದೆ.

ಮೂರು, ಸೋರಿಕೆ ಕರೆಂಟ್. ಇನ್ಸುಲೇಶನ್ ಮೂಲಕ ದಾಟಿ ಹೋಗುವುದು. ಎಷ್ಟು ಹೊತ್ತು ಕಾದರೂ ನಿಲ್ಲುವುದಿಲ್ಲ, ವಾಪಸ್ ಬರುವುದಿಲ್ಲ. ಇದೊಂದೇ ನಿಜವಾದ ನಷ್ಟ, ನಮಗೆ ಬೇಕಾದ್ದೂ ಇದೊಂದೇ. ಮೊದಲ ನಾಲ್ಕು ಸೆಕೆಂಡಲ್ಲಿ ಉಳಿದೆರಡೂ ಇದರ ಮೇಲೆ ಕೂತಿರ್ತವೆ. ಅಡ್ವಾನ್ಸ್ ಕೊಟ್ಟ ತಿಂಗಳ ಪಾಸ್‌ಬುಕ್ ನೋಡಿ "ಈ ಮನೆ ಖರ್ಚು ಇಷ್ಟು" ಅಂತ ಹೇಳಿದರೆ ಹೇಗಿರ್ತದೆ? ಹಾಗೇ ಇದು.

ಇನ್ನೊಂದು ಮುಖ್ಯ ಮಾತು. ಮೊದಲೆರಡು ವಾಪಸ್ ಬರ್ತವೆ ಅಂದೆನಲ್ಲ, ಎಲ್ಲಿ ಬರ್ತವೆ? ಟೆಸ್ಟ್ ಮುಗಿದ ಮೇಲೆ ಮುಟ್ಟಿದವರ ಕೈಗೆ. ಅದಕ್ಕೇ ಕೊನೆಗೆ ಡಿಸ್ಚಾರ್ಜ್ ಮಾಡಬೇಕು. ಟೆಸ್ಟ್ ಎಷ್ಟು ಹೊತ್ತು ಮಾಡಿದ್ದೋ ಅದರ ನಾಲ್ಕು ಪಟ್ಟು ಹೊತ್ತು ಅರ್ತಿಗೆ ಕೂಡಿಸಿ ಇಡಬೇಕು ಅನ್ನುವುದು ರೂಢಿ.

5/8

ಅಂಗಡಿಯ ಒಂದು ಉದಾಹರಣೆ. ಮೂರನೇ ಫೋಟೊದಲ್ಲಿ ಅಕ್ಕಪಕ್ಕ ಇರುವ ಎರಡು ಹಳೇ ಐದು ಎಚ್‌ಪಿ ಮೋಟಾರ್.

ನಮ್ಮಲ್ಲಿ ತೋಟದ ಪಂಪ್ ಜೂನಿಂದ ಅಕ್ಟೋಬರ್ ತನಕ ನಿದ್ದೆ ಮಾಡ್ತದೆ, ಗೊತ್ತಲ್ಲ. ಮಳೆ ನಿಂತು ಅಡಿಕೆ, ತೆಂಗಿಗೆ ನೀರು ಬಿಡುವ ದಿನ ಸ್ಟಾರ್ಟರ್ ಒತ್ತುವುದು, ಹೊಗೆ ಬರುವುದು. ನವೆಂಬರ್ ಅಂದ್ರೆ ವೈಂಡಿಂಗ್ ಅಂಗಡಿಗೆ ಸೀಸನ್. ಈ ಎರಡೂ ಆ ಸೀಸನಲ್ಲಿ ಒಂದೇ ದಿನ ಬಂದವು. ಒಂದರ ಯಜಮಾನರಿಗೆ ಯಾರೋ "20 ಮೆಗಾಓಮ್ ಮಾತ್ರ ಉಂಟು, ರಿವೈಂಡ್ ಮಾಡಿಸಿ" ಅಂದಿದ್ದರಂತೆ. ಇನ್ನೊಂದರವರು "20 ಉಂಟಂತೆ, ತೊಂದ್ರೆ ಇಲ್ಲ, ಬೇರಿಂಗ್ ಮಾತ್ರ ನೋಡಿ" ಅಂದರು. ನಂಬರ್ ಒಂದೇ, ತೀರ್ಮಾನ ಉಲ್ಟಾ.

ಮಾವ ಎರಡಕ್ಕೂ 500 ವೋಲ್ಟಲ್ಲಿ ಹತ್ತು ಹತ್ತು ನಿಮಿಷ ಹಾಕಿದರು. ನಾನು ಬರೆದುಕೊಂಡೆ.

ಮೊದಲನೇ ಮೋಟಾರ್: ಶುರುವಿಗೆ 20 ಮೆಗಾಓಮ್, ಒಂದು ನಿಮಿಷಕ್ಕೆ 60, ಹತ್ತು ನಿಮಿಷಕ್ಕೆ 190. ಕರೆಂಟ್ ಲೆಕ್ಕದಲ್ಲಿ 25 ಮೈಕ್ರೊಆಂಪಿಂದ 8ಕ್ಕೆ, ಅಲ್ಲಿಂದ 2.6ಕ್ಕೆ.

ಎರಡನೇ ಮೋಟಾರ್: ಶುರುವಿಗೆ 20, ಒಂದು ನಿಮಿಷಕ್ಕೆ 24, ಹತ್ತು ನಿಮಿಷಕ್ಕೆ 26. ಕರೆಂಟ್ 25ರಿಂದ 21, ಅಲ್ಲಿಂದ 19.

ನೋಡಿ, ಮೊದಲನೆಯದರಲ್ಲಿ ಶುರುವಿಗೆ ಹೋದ 25ರಲ್ಲಿ ಹೆಚ್ಚಿನದ್ದೆಲ್ಲ ಅಡ್ವಾನ್ಸು, ಕೈಸಾಲ. ಎರಡನೆಯದರಲ್ಲಿ 25ಕ್ಕೆ 19 ಬರೀ ಸೋರಿಕೆ. ಹತ್ತು ನಿಮಿಷದ ರೀಡಿಂಗನ್ನು ಒಂದು ನಿಮಿಷದ್ದರಿಂದ ಭಾಗಿಸಿದರೆ ಸಿಗುವುದಕ್ಕೆ ಪೋಲರೈಸೇಶನ್ ಇಂಡೆಕ್ಸ್ ಅಂತಾರೆ. ಇಲ್ಲಿ ಒಂದಕ್ಕೆ 3.2, ಇನ್ನೊಂದಕ್ಕೆ 1.1. ದೊಡ್ಡ ಮೋಟಾರ್, ಜನರೇಟರಿಗೆ ಇದು 2ರ ಮೇಲೆ ಇರಬೇಕು ಅನ್ನುವುದು ಐಟ್ರಿಪಲ್‌ಇ ಸಂಸ್ಥೆಯ 43ನೇ ಮಾನದಂಡ.

ಮೊದಲನೆಯದಕ್ಕೆ ರಿವೈಂಡಿಂಗ್ ಬೇಕಾಗಲೇ ಇಲ್ಲ, ಆ ಅಜ್ಜಯ್ಯನ ಸಾವಿರಾರು ರೂಪಾಯಿ ಉಳಿಯಿತು. ಎರಡನೆಯದನ್ನು ಹಾಗೇ ಓಡಿಸಿದ್ದರೆ ಸುಟ್ಟು ಹೋಗ್ತಿತ್ತು. ಬಿಚ್ಚಿ, 200 ವಾಟಿನ ಬಲ್ಬ್ ಪಕ್ಕ ಎರಡು ದಿನ ಇಟ್ಟು ತೇವ ಆರಿಸಿದರು. ಆಮೇಲೆ ಅದೂ ಸರಿಯಾಗಿ ಏರಿತು.

6/8

"ಇದೆಲ್ಲ ಫ್ಯಾಕ್ಟರಿಗೆ, ಮನೆಗೆ ಎಂತಕ್ಕೆ?" ಅಂತ ಕೇಳ್ತೀರಿ. ನಮ್ಮ ಕರಾವಳಿಗೇ ಇದು ಜಾಸ್ತಿ ಬೇಕು ಅಂತ ನಾನು ಹೇಳುವುದು.

ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ. ಅದರ ಮೇಲೆ ಉಪ್ಪು ಗಾಳಿ. ತ್ರಾಸಿ, ಮರವಂತೆ, ಗಂಗೊಳ್ಳಿ ಕಡೆಯವರು ಗೇಟಿನ ಲೈಟ್ ಬಿಚ್ಚಿ ನೋಡಿ, ಸ್ಕ್ರೂ ಪೂರ್ತಿ ತುಕ್ಕು. ಉಪ್ಪಿನ ಧೂಳಿಗೆ ತೇವ ಸೇರಿದರೆ ಅದೇ ಒಂದು ದಾರಿ ಆಗ್ತದೆ. ಇದು ನಾಲ್ಕನೇ ಕರೆಂಟ್, ಮೇಲ್ಮೈ ಸೋರಿಕೆ. ಹೊದಿಕೆಯ ಒಳಗಿಂದ ಅಲ್ಲ, ಅದರ ಮೈ ಮೇಲಿಂದ ಹರಿದು ಹೋಗುವುದು. ವೈರ್ ಗಟ್ಟಿ ಇರ್ತದೆ, ತುದಿ ಗಲೀಜಾಗಿರ್ತದೆ. ಒಳ್ಳೆ ಮೆಗ್ಗರಲ್ಲಿ ಗಾರ್ಡ್ ಅಂತ ಮೂರನೇ ಟರ್ಮಿನಲ್ ಇರುವುದು ಇದನ್ನು ಲೆಕ್ಕದಿಂದ ಹೊರಗೆ ಇಡಲಿಕ್ಕೆ. ಎಷ್ಟೋ ಸಲ ಬಟ್ಟೆಯಲ್ಲಿ ಒರೆಸಿ ಒಣಗಿಸಿದರೇ ಸಾಕು, ವೈರ್ ಬದಲಿಸುವುದೇ ಬೇಡ.

ಬಿಸಿಗೂ ರೀಡಿಂಗ್ ಬದಲಾಗ್ತದೆ. ಟೆಂಪರೇಚರ್ 10 ಡಿಗ್ರಿ ಏರಿದರೆ ಇನ್ಸುಲೇಶನ್ ರೆಸಿಸ್ಟೆನ್ಸ್ ಸುಮಾರು ಅರ್ಧ ಆಗ್ತದೆ ಅಂತ ಮೋಟಾರ್ ಕೆಲಸದವರ ಅಂದಾಜು ಲೆಕ್ಕ. ಅದಕ್ಕೆ ನಂಬರ್ ಜೊತೆ ಹವಾಮಾನವನ್ನೂ ಬರೀಬೇಕು: ಬಿಸಿಲಾ, ಮಳೆಯಾ, ಮೋಟಾರ್ ಓಡಿ ಬಿಸಿ ಇತ್ತಾ.

ನಮ್ಮ ಹೊಸಂಗಡಿಯ ವಾರಾಹಿ ಭೂಗರ್ಭ ವಿದ್ಯುದಾಗಾರ ಗೊತ್ತಲ್ಲ? ತಲಾ 115 ಮೆಗಾವಾಟಿನ ನಾಲ್ಕು ಯಂತ್ರ, ಒಟ್ಟು 460. ಅಷ್ಟು ದೊಡ್ಡ ಜನರೇಟರ್‌ಗಳ ವೈಂಡಿಂಗಿಗೆ ಹತ್ತು ನಿಮಿಷ ಕಾಯುವ ಟೆಸ್ಟ್ ಮಾಡುವುದು ಜಗತ್ತಿನಲ್ಲೆಲ್ಲ ಇರುವ ಪದ್ಧತಿ. ಕರೆಂಟ್ ಹುಟ್ಟುವ ಕಡೆ ಹತ್ತು ನಿಮಿಷ. ಅದೇ ಕರೆಂಟ್ ಅಮ್ಮನ ಕೈ ಹತ್ತಿರ ಬರುವ ಬಾವಿ ಕಟ್ಟೆಯಲ್ಲಿ ನಾಲ್ಕು ಸೆಕೆಂಡ್. ನನಗೆ ಸಿಟ್ಟು ಬರುವುದು ಇಲ್ಲಿ.

7/8

ಈಗ ಎದುರು ಮಾತು.

ಎಲೆಕ್ಟ್ರಿಷಿಯನ್ ಆಗಿರುವ ನನ್ನ ಒಬ್ಬ ಸೀನಿಯರ್ ಹತ್ರ ಇದನ್ನೇ ಹೇಳಿದೆ. ಅವರು ನಕ್ಕರು. "ಮನೇಲಿ ಎಂಟು ಸರ್ಕ್ಯೂಟ್ ಇದ್ರೆ, ಪ್ಲಗ್ ತೆಗ್ದ್, ಟೆಸ್ಟ್ ಮಾಡಿ, ಡಿಸ್ಚಾರ್ಜ್ ಮಾಡಿ ಬಪ್ಪತಿಗೆ ಒಂದ್ ಗಂಟೆ ಮೇಲೆ ಆತ್. ನೀವ್ ಕೊಡೂದ್ ಇನ್ನೂರ್ ರೂಪಾಯಿ. ಪೆಟ್ರೋಲ್ ಯಾರ್ ಕೊಡೂದ್?"

ಸರಿಯಾದ ಮಾತು. ತಪ್ಪು ಬರೀ ಅವರದ್ದಲ್ಲ. ನಾವು ಬಲ್ಬ್ ಉರಿದರೆ ದುಡ್ಡು ಕೊಡ್ತೇವೆ, ಕಾಯುವುದಕ್ಕೆ ಕೊಡುವುದಿಲ್ಲ. ನಾನೇ ಅಂಗಡಿ ಬಿಲ್ಲಲ್ಲಿ "ಟೆಸ್ಟಿಂಗ್ ಚಾರ್ಜ್ 150" ಅಂತ ಬರೆದಾಗ ಹತ್ತರಲ್ಲಿ ಏಳು ಜನ "ಇದೆಂತ? ಮೀಟರ್ ಇಟ್ಟದ್ದಕ್ಕೂ ದುಡ್ಡಾ?" ಅಂತ ಕೇಳ್ತಾರೆ. ಮೊದಮೊದಲು ಜಗಳ ಬೇಡ ಅಂತ ನಾನೇ ಅದನ್ನು ಹೊಡೆದು ಹಾಕ್ತಿದ್ದೆ. ನಮ್ಮ ಮನೆಯಲ್ಲಿ ಆದ ಮೇಲೆ ಹೊಡೆದು ಹಾಕುವುದನ್ನು ಬಿಟ್ಟೆ. ನಾಲ್ಕು ಸೆಕೆಂಡಿನ ಟೆಸ್ಟ್ ಹುಟ್ಟಿದ್ದು ನಮ್ಮ ಚೌಕಾಸಿಯಿಂದಲೂ ಹೌದು.

ಇನ್ನೊಂದು ಮಾತು: "ಆರ್‌ಸಿಸಿಬಿ ಇದ್ದ ಮೇಲೆ ಮೆಗ್ಗರ್ ಯಾಕೆ?" ಆರ್‌ಸಿಸಿಬಿ ಹೇಳುವುದು ಸೋರಿಕೆ ಆಗುವ ಹೊತ್ತಿಗೆ. ಮೆಗ್ಗರ್ ಹೇಳುವುದು ಅದಕ್ಕೆ ಮೊದಲೇ. ಒಂದು ಬ್ರೇಕ್, ಇನ್ನೊಂದು ಸರ್ವಿಸಿಂಗ್. ಒಂದು ಇದೆ ಅಂತ ಇನ್ನೊಂದನ್ನು ಬಿಡಲಿಕ್ಕೆ ಆಗುವುದಿಲ್ಲ.

ಮತ್ತೆ "ಹೊಸ ಪಿವಿಸಿ ವೈರಲ್ಲಿ ನಂಬರ್ ಕೂಡಲೇ ನಿಲ್ತದೆ, ಒಂದು ನಿಮಿಷ ವೇಸ್ಟ್" ಅಂತ ಕೂಡ ಕೇಳಿದ್ದೇನೆ. ಹೌದು, ಹೊಸ ವೈರಲ್ಲಿ ಹೀರಿಕೆ ಕರೆಂಟ್ ಕಮ್ಮಿ, ಬೇಗ ನಿಲ್ತದೆ. ಆದರೆ ನಿಲ್ತದಾ ಅಥವಾ ನಮ್ಮ ಬಾವಿ ಲೈನಿನ ಹಾಗೆ ಇಳೀತದಾ ಅಂತ ಗೊತ್ತಾಗುವುದು ಕಾದರೆ ಮಾತ್ರ.

8/8

ಹಾಗಾದರೆ ನಾವು ಎಂತ ಮಾಡುವುದು? ನಾನು ಕೇಳುವುದು ಇಷ್ಟೇ.

ದಯವಿಟ್ಟು ಯಾರೂ ಮೆಗ್ಗರ್ ತಂದು ನೀವೇ ಹಾಕಬೇಡಿ. 500 ವೋಲ್ಟ್ ಅದು. ಟಿವಿ, ಫ್ರಿಜ್, ಎಲ್‌ಇಡಿ ಬಲ್ಬ್ ತೆಗೆಯದೆ ಹಾಕಿದರೆ ಅವೂ ಹೋಗ್ತವೆ. ಲೈಸೆನ್ಸ್ ಇರುವವರನ್ನೇ ಕರೆಯಿರಿ. ಆದರೆ ಅವರು ಬಂದಾಗ ಪಕ್ಕದಲ್ಲಿ ನಿಲ್ಲಿ, ಮೊಬೈಲಲ್ಲಿ ಟೈಮರ್ ಹಾಕಿ.

ಒಂದು, ಮೇ ತಿಂಗಳಲ್ಲಿ, ಮೇಳಗಳು ತಿರುಗಾಟ ಮುಗಿಸುವ ಹೊತ್ತಿಗೆ, ಮನೆಗೆ ಒಂದು ಟೆಸ್ಟ್. ಮಳೆಗಾಲದಲ್ಲಿ ಆರ್‌ಸಿಸಿಬಿ ಬೀಳ್ತಿದ್ದರೆ ಬಿಸಿಲು ಬರಲಿಕ್ಕೆ ಕಾಯದೆ, ತೇವ ಇರುವಾಗಲೇ ಇನ್ನೊಂದು.

ಎರಡು, ಇಡೀ ಮನೆಗೆ ಸೇರಿಸಿ ಒಂದೇ ರೀಡಿಂಗ್ ಬೇಡ. ಸರ್ಕ್ಯೂಟ್ ಸರ್ಕ್ಯೂಟಿಗೆ ಬೇರೆ ಬೇರೆ. ಬಾವಿ ಪಂಪ್, ಗೇಟ್ ಲೈಟ್, ಬಚ್ಚಲಿನ ಗೀಸರ್ ಮೊದಲು.

ಮೂರು, ಅರವತ್ತನೇ ಸೆಕೆಂಡಿನ ನಂಬರ್ ಬರೆಯಿರಿ. ಏರ್ತಿತ್ತಾ, ನಿಂತಿತ್ತಾ, ಇಳೀತಿತ್ತಾ ಅಂತ ಒಂದು ಶಬ್ದ ಸೇರಿಸಿ. ತಾರೀಕು, ಹವಾಮಾನ.

ನಾಲ್ಕು, ಮುಂದಿನ ವರ್ಷ ಅದೇ ಪುಟದಲ್ಲಿ ಪಕ್ಕದ ಕಾಲಮ್. ಕಂಪನಿಯ ಬ್ಯಾಲೆನ್ಸ್ ಶೀಟಲ್ಲಿ ಹಿಂದಿನ ವರ್ಷದ ಅಂಕಿ ಕಡ್ಡಾಯ ಅಂತ ನಾವು ಓದಿಲ್ವಾ? 200 ಇದ್ದದ್ದು 40 ಆದರೆ ಅದು ಇನ್ನೂ 1ರ ಮೇಲೇ ಇದೆ, ಪಾಸೇ. ಆದರೆ ಇಳಿದದ್ದು ಯಾಕೆ ಅಂತ ಕೇಳಲೇಬೇಕು.

ಐದು, ಆರ್‌ಸಿಸಿಬಿ ಬೀಳ್ತದೆ ಅಂತ ಡೈರೆಕ್ಟ್ ಮಾಡಿಸಬೇಡಿ. ಯಾರು ಹೇಳಿದರೂ ಬೇಡ. ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ. ಬಿದ್ದರೆ ಒಳ್ಳೆಯದು.

ಆರು, ಕಾದವರಿಗೆ ದುಡ್ಡು ಕೊಡಿ, ಚೌಕಾಸಿ ಬೇಡ.

ಕೊನೇ ಫೋಟೊ ನಮ್ಮ ಮನೆ ಮೈನ್ ಬೋರ್ಡ್ ಪಕ್ಕ ನೇತು ಹಾಕಿದ ನೂರು ಪುಟದ ನೋಟ್‌ಬುಕ್. ಮೊದಲ ಸಾಲಲ್ಲಿ ಬಾವಿ ಲೈನ್, 0.7, ಇಳೀತಿತ್ತು. ಎರಡನೇ ಸಾಲಲ್ಲಿ ಹೊಸ ಕೇಬಲ್, ಹೊಸ ಬಾಕ್ಸ್ ಹಾಕಿದ ಮೇಲೆ 200ರ ಮೇಲೆ, ನಿಂತಿತು. ಅಕ್ಷರ ಅಮ್ಮನದ್ದು. ಈ ಮೇ ತಿಂಗಳಲ್ಲಿ ಟೈಮರ್ ಹಿಡಿದು ನಿಲ್ಲುವುದೂ ತಾನೇ ಅಂತ ಹೇಳಿದ್ದಾರೆ.

ನಿಮ್ಮನೇಲಿ ಆರ್‌ಸಿಸಿಬಿ ಡೈರೆಕ್ಟ್ ಮಾಡಿ ಇಟ್ಟಿದ್ದಾರಾ? ಇವತ್ತು ಬೋರ್ಡ್ ನೋಡಿ ಕಮೆಂಟಲ್ಲಿ ಹೇಳಿ. ನಾಚಿಕೆ ಬೇಡ, ನಮ್ಮಲ್ಲೂ ಹನ್ನೊಂದು ದಿನ ಹಾಗೇ ಇತ್ತು.

#ಒಂದುನಿಮಿಷ #ಕುಂದಾಪುರ #ಬೈಂದೂರು #ಬ್ರಹ್ಮಾವರ #ಮಳೆಗಾಲ #ಬಿಕಾಂಕಣ್ಣಲ್ಲಿ